ಲಾವೊಕೂನನ ಎತ್ತಿದ ತೋಳು: ವಿಲಿಯಂ ಬ್ಲೇಕ್ 1815ರಲ್ಲಿ ಬರೆದ ಒಂದು ರೇಖಾಚಿತ್ರದ ಕುರಿತು

ರೇಖೆಯಹಾದಿ ಬರೆದದ್ದು:

ಈ ವೇದಿಕೆಯಲ್ಲಿ ಚಿತ್ರ ಬರೆಯುವವರೂ ಇದ್ದೀರಿ, ಚಿತ್ರ ನೋಡಿ ಸುಖಪಡುವವರೂ ಇದ್ದೀರಿ. ಬಹುದಿನಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆಯನ್ನು ಆ ಧೈರ್ಯದಿಂದಲೇ ನಿಮ್ಮ ಮುಂದಿಡುತ್ತಿದ್ದೇನೆ. 1815ರಲ್ಲಿ, 57ನೆಯ ವಯಸ್ಸಿನ ಇಂಗ್ಲಿಷ್ ಕವಿ, ಚಿತ್ರಕಾರ, ಕೆತ್ತನೆಗಾರ ವಿಲಿಯಂ ಬ್ಲೇಕ್ ಲಂಡನ್ನಿನ ಸಾಮರ್‌ಸೆಟ್ ಹೌಸ್‌ನಲ್ಲಿದ್ದ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಗೆ ಹೋಗಿ, ತನಗಿಂತ ಎಷ್ಟೋ ಕಿರಿಯರಾದ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತು, ಲಾವೊಕೂನ್ ಎಂಬ ಪ್ರಾಚೀನ ಗ್ರೀಕ್ ಶಿಲ್ಪದ ಪ್ಲಾಸ್ಟರ್ ಎರಕವನ್ನು, ಅಂದರೆ ಅಚ್ಚು ತೆಗೆದು ಮಾಡಿ ಅಲ್ಲಿಟ್ಟಿದ್ದ ಪ್ರತಿಯನ್ನು, ಪೆನ್ಸಿಲಿನಲ್ಲಿ ಬರೆದುಕೊಂಡನು. ನಾನು ಮಾತನಾಡುತ್ತಿರುವುದು ಆ ಚಿತ್ರವನ್ನು ಕುರಿತು.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಟ್ರಾಯ್ ನಗರದ ಬಾಗಿಲಲ್ಲಿ ಗ್ರೀಕರು ಮರದ ಕುದುರೆಯನ್ನು ಬಿಟ್ಟುಹೋದಾಗ, ಅದನ್ನು ನಂಬಬೇಡಿರೆಂದು ಕೂಗಿ ಹೇಳಿ, ಅದರ ಪಕ್ಕೆಗೆ ಈಟಿಯನ್ನೆಸೆದ ಪುರೋಹಿತನೇ ಲಾವೊಕೂನ್. ಸ್ವಲ್ಪ ಹೊತ್ತಿನಲ್ಲೇ ಕಡಲಿನಿಂದ ಎರಡು ಮಹಾಸರ್ಪಗಳು ಬಂದು ಅವನನ್ನೂ ಅವನ ಇಬ್ಬರು ಗಂಡುಮಕ್ಕಳನ್ನೂ ಸುತ್ತಿ ಕೊಂದವು. ಅಮೃತಶಿಲೆಯ ಆ ಶಿಲ್ಪದಲ್ಲಿ ತಂದೆ ಬಲಿಪೀಠಕ್ಕೆ ಒರಗಿ ನಡುವೆ ಇದ್ದಾನೆ, ಮಕ್ಕಳು ಎರಡು ಪಕ್ಕದಲ್ಲಿದ್ದಾರೆ, ಹಾವುಗಳ ಸುರುಳಿ ಮೂವರನ್ನೂ ಒಂದೇ ಗಂಟಾಗಿ ಬಿಗಿದಿದೆ.

ನನ್ನ ತೊಡಕು ಇದು. ಇದೇ ಬ್ಲೇಕ್, 1804ರ ಇಸವಿಯನ್ನು ಹೊತ್ತ ತನ್ನ ‘ಮಿಲ್ಟನ್’ ಕಾವ್ಯದ ಮುನ್ನುಡಿಯಲ್ಲಿ, ನಾವು ನಮ್ಮ ಕಲ್ಪನೆಗೆ ನಿಷ್ಠರಾಗಿದ್ದರೆ ಸಾಕು, ಗ್ರೀಕರ ಮಾದರಿಯಾಗಲಿ ರೋಮನರ ಮಾದರಿಯಾಗಲಿ ನಮಗೆ ಬೇಕಿಲ್ಲ ಎಂದು ಬರೆದವನು. ಅಂಥವನು ಗ್ರೀಕ್ ಶಿಲ್ಪವೊಂದರ ಮುಂದೆ ಶಿಷ್ಯನಂತೆ ಕುಳಿತು, ಒಂದೊಂದು ಸ್ನಾಯುವನ್ನೂ ಅಷ್ಟು ಶ್ರದ್ಧೆಯಿಂದ ಬರೆದದ್ದು ಏಕೆ? ಇದನ್ನು ನಕಲು ಎನ್ನಬೇಕೋ, ಬೇರೇನಾದರೂ ಹೆಸರಿನಿಂದ ಕರೆಯಬೇಕೋ?

ಸಾಲುಮರ ಬರೆದದ್ದು:

ರೇಖೆಯಹಾದಿಯವರೇ, ಪ್ರಶ್ನೆ ಸೊಗಸಾಗಿದೆ, ಆದರೆ ಉತ್ತರ ನೀವು ನಿರೀಕ್ಷಿಸುವುದಕ್ಕಿಂತ ಸರಳವಾಗಿದೆ ಎಂದು ನನಗೆ ತೋರುತ್ತದೆ. ಅದು ಹೊಟ್ಟೆಪಾಡಿನ ಕೆಲಸ. ಅಬ್ರಹಾಂ ರೀಸ್ ಸಂಪಾದಿಸುತ್ತಿದ್ದ ವಿಶ್ವಕೋಶಕ್ಕೆ ಶಿಲ್ಪಕಲೆಯ ಬಗೆಗಿನ ಲೇಖನವನ್ನು ಬ್ಲೇಕನ ಹಳೆಯ ಗೆಳೆಯ, ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಬರೆದುಕೊಟ್ಟಿದ್ದನು. ಅದರ ಚಿತ್ರಫಲಕಗಳನ್ನು ಅಚ್ಚುಹಾಕಲು ತಾಮ್ರದ ಹಲಗೆಯಲ್ಲಿ ಕೆತ್ತುವ ಕೆಲಸ ಬ್ಲೇಕನ ಪಾಲಿಗೆ ಬಂದಿತು. ಲಾವೊಕೂನ್ ಆ ಫಲಕಗಳಲ್ಲಿ ಬರಬೇಕಾಗಿತ್ತು, ಆದ್ದರಿಂದ ಅವನು ಹೋಗಿ ಬರೆದುಕೊಂಡು ಬಂದನು. ಅದೇ 1815–16ರ ಅವಧಿಯಲ್ಲಿ ಅವನು ವೆಡ್ಜ್‌ವುಡ್ ಪಿಂಗಾಣಿ ಕಾರ್ಖಾನೆಯ ಮಾದರಿಪಟ್ಟಿಗಾಗಿ ಸೂಪಿನ ಬೋಗುಣಿಗಳನ್ನೂ ಕೈತೊಳೆಯುವ ಪಾತ್ರೆಗಳನ್ನೂ ಬರೆದು ಕೆತ್ತಿದ್ದಾನೆ. ಬೋಗುಣಿಯ ಚಿತ್ರದಲ್ಲಿ ಯಾರೂ ದರ್ಶನವನ್ನು ಹುಡುಕುವುದಿಲ್ಲ. ಲಾವೊಕೂನನಲ್ಲಿ ಮಾತ್ರ ಏಕೆ ಹುಡುಕಬೇಕು?

ಇದನ್ನು ಬ್ಲೇಕನನ್ನು ಕಿರಿದುಮಾಡಲು ಹೇಳುತ್ತಿಲ್ಲ. ಬಡತನದಲ್ಲಿದ್ದ ಕುಶಲಕರ್ಮಿಯೊಬ್ಬ ಬಂದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದರಲ್ಲಿ ಗೌರವಕ್ಕೆ ಕೊರತೆಯೇನೂ ಇಲ್ಲ.

ಇದ್ದಿಲುಕಡ್ಡಿ ಬರೆದದ್ದು:

ಸಾಲುಮರ ಅವರು ಕೊಟ್ಟ ವಿವರಗಳು ಸರಿ, ಅವುಗಳಿಂದ ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಎರಕವನ್ನು ನೋಡಿ ಚಿತ್ರ ಬರೆಯುವುದೆಂದರೇನು ಎಂಬುದನ್ನು ನಾನು ಕೈಯಾರೆ ಬಲ್ಲೆ. ನಾನು ಓದಿದ ಚಿತ್ರಕಲಾ ಶಾಲೆಯಲ್ಲಿ ಮೊದಲ ವರ್ಷ ಪೂರ್ತಿ ಒಂದು ಪ್ಲಾಸ್ಟರಿನ ಪಾದ, ಆಮೇಲೆ ಒಂದು ಕಿವಿ, ಆಮೇಲೆ ಮೂಗು ಮುಕ್ಕಾಗಿದ್ದ ಒಂದು ತಲೆ, ಇವುಗಳೇ ನಮ್ಮ ಗುರುಗಳು. ಒಂದೇ ಕಿಟಕಿಯಿಂದ ಬೆಳಕು ಬೀಳುವಂತೆ ಎರಕವನ್ನಿಟ್ಟು, ದಾರಕ್ಕೆ ಗುಂಡು ಕಟ್ಟಿ ನೇರವನ್ನು ನೋಡಿಕೊಂಡು, ಇದ್ದಿಲಿನಲ್ಲಿ ಹೊರಗೆರೆಯನ್ನು ಹಾಕಿ, ಅಳಿಸಿ, ಮತ್ತೆ ಹಾಕುತ್ತಿದ್ದೆವು. ಮೊದಲ ಎರಡು ದಿನ ಕಣ್ಣು ತನಗೆ ಗೊತ್ತಿರುವುದನ್ನೇ ಬರೆಯುತ್ತದೆ. ಮೂರನೆಯ ದಿನಕ್ಕೆ ಎದುರಿಗಿರುವುದು ಕಾಣತೊಡಗುತ್ತದೆ. ಆ ಮೂರನೆಯ ದಿನದ ನಂತರ ನಕಲು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಇಬ್ಬರು ವಿದ್ಯಾರ್ಥಿಗಳ ಹಾಳೆಯಲ್ಲಿ ಒಂದೇ ಪಾದ ಎರಡು ಪಾದಗಳಾಗಿ ನಿಂತಿರುತ್ತದೆ.

ಬ್ಲೇಕನಿಗೆ ಇದು ಹೊಸತಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅವನು ಚಿಕ್ಕವನಿದ್ದಾಗಲೇ ತಂದೆ ಅವನಿಗೆ ಹರ್ಕ್ಯುಲಿಸ್, ವೀನಸ್ ಮುಂತಾದ ಪ್ರತಿಮೆಗಳ ಎರಕಗಳನ್ನು ಕೊಂಡು ತಂದುಕೊಟ್ಟಿದ್ದನು. 10ನೆಯ ವಯಸ್ಸಿಗೆ ಸ್ಟ್ರಾಂಡ್ ಬೀದಿಯ ಪಾರ್ಸ್ ಚಿತ್ರಶಾಲೆ, 1772ರಿಂದ ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಶಿಷ್ಯವೃತ್ತಿ, 1779ರಲ್ಲಿ ಇದೇ ರಾಯಲ್ ಅಕಾಡೆಮಿಯಲ್ಲಿ ವಿದ್ಯಾರ್ಥಿ. ಅಂದರೆ 1815ರಲ್ಲಿ ಅವನು ಕುಳಿತದ್ದು ಸುಮಾರು 36 ವರ್ಷಗಳ ಹಿಂದೆ ತಾನು ಬಿಟ್ಟು ಬಂದಿದ್ದ ಮಣೆಯ ಮೇಲೆ.

ಆ ದಿನ ಅಕಾಡೆಮಿಯ ಮೇಲ್ವಿಚಾರಕನಾಗಿದ್ದ ಹೆನ್ರಿ ಫ್ಯೂಸೆಲಿ ಅವನನ್ನು ಕಂಡು, ನಾವು ಬಂದು ನಿಮ್ಮಿಂದ ಕಲಿಯಬೇಕೇ ಹೊರತು ನೀವು ನಮ್ಮಿಂದಲ್ಲ ಎಂಬರ್ಥದ ಮಾತನ್ನಾಡಿದನೆಂದು ಬ್ಲೇಕನ ಕಡೆಗಾಲದ ಗೆಳೆಯ ಫ್ರೆಡರಿಕ್ ಟೇಥಮ್ ಬರೆದಿಟ್ಟಿದ್ದಾನೆ. ಹುಡುಗರ ನಡುವೆ ಕುಳಿತಿದ್ದಾಗ ಬ್ಲೇಕನ ಮುಖದಲ್ಲಿ ಸಂತೋಷವಿತ್ತೆಂದೂ ಅವನೇ ಹೇಳುತ್ತಾನೆ. ಬರಿಯ ಹೊಟ್ಟೆಪಾಡಿಗೆ ಬಂದವನ ಮುಖದಲ್ಲಿ ಅಂಥ ಸಂತೋಷ ಇರುವುದಿಲ್ಲ. ವಿಶ್ವಕೋಶದ ಪುಟ್ಟ ಚಿತ್ರಕ್ಕೆ ಯಾವುದಾದರೂ ಹಳೆಯ ಮುದ್ರಿತ ಚಿತ್ರವನ್ನು ನೋಡಿಕೊಂಡು ಕೆತ್ತಿದ್ದರೂ ಕೆಲಸ ಸಾಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ.

ಹಳೆಯಓದುಗ ಬರೆದದ್ದು:

ಮಾತು ಶಿಲ್ಪದಿಂದ ಚಿತ್ರಕ್ಕೆ ಬಂದಿದೆ; ನಾನು ಕಾವ್ಯವನ್ನು ಜೊತೆಗೆ ತರುತ್ತೇನೆ. ಈ ಪ್ರಸಂಗ ನಮಗೆ ತುಂಬು ರೂಪದಲ್ಲಿ ಸಿಗುವುದು ರೋಮನ್ ಕವಿ ವರ್ಜಿಲನ ‘ಈನಿಯಡ್’ ಮಹಾಕಾವ್ಯದ ಎರಡನೆಯ ಸರ್ಗದಲ್ಲಿ. ಟೆನೆಡೊಸ್ ದ್ವೀಪದ ಕಡೆಯಿಂದ ಶಾಂತವಾದ ನೀರನ್ನು ಸೀಳಿಕೊಂಡು ಜೋಡಿಸರ್ಪಗಳು ಬರುತ್ತವೆ, ಅವುಗಳ ಕಣ್ಣಿನಲ್ಲಿ ರಕ್ತವೂ ಬೆಂಕಿಯೂ ತುಂಬಿವೆ, ಅವು ಮೊದಲು ಎಳೆಯ ಮಕ್ಕಳನ್ನು ಹಿಡಿಯುತ್ತವೆ, ಬಿಡಿಸಲು ಆಯುಧ ಹಿಡಿದು ಓಡಿಬಂದ ತಂದೆಯನ್ನು ಆಮೇಲೆ ಸುತ್ತುತ್ತವೆ. ಆಗತಾನೇ ಸಮುದ್ರದೇವತೆಗೆ ಗೂಳಿಯನ್ನು ಬಲಿಕೊಡುತ್ತಿದ್ದ ಪುರೋಹಿತನ ಕೂಗನ್ನು, ಕೊಡಲಿಯೇಟು ಜಾರಿ ಬಲಿಪೀಠದಿಂದ ತಪ್ಪಿಸಿಕೊಂಡ ಗೂಳಿಯ ಕೂಗಿಗೆ ಕವಿ ಹೋಲಿಸುತ್ತಾನೆ. ಬಲಿಕೊಡುವವನೇ ಬಲಿಯಾದ ಈ ತಿರುವು ಒಂದೇ ಉಪಮೆಯಲ್ಲಿ ಬಂದುಬಿಡುತ್ತದೆ. ಪ್ರತಿಸಲ ಓದಿದಾಗಲೂ ನನಗೆ ಉಸಿರು ಕಟ್ಟುತ್ತದೆ.

ಆದರೆ ಶಿಲ್ಪದಲ್ಲಿ ಅವನು ಕೂಗುತ್ತಿಲ್ಲ. ಬಾಯಿ ಅರೆತೆರೆದಿದೆ, ಹೊಟ್ಟೆ ಒಳಕ್ಕೆ ಸೆಳೆದಿದೆ, ಅಷ್ಟೇ. ಹದಿನೆಂಟನೆಯ ಶತಮಾನದ ಜರ್ಮನ್ ವಿಚಾರವಂತರು ಜಗಳವಾಡಿದ್ದು ಈ ಬಾಯಿಯ ಮೇಲೆಯೇ. 1755ರಲ್ಲಿ ವಿಂಕೆಲ್‌ಮನ್ ಇದನ್ನು ನೋವನ್ನೂ ಮೀರಿದ ಗ್ರೀಕ್ ಆತ್ಮದ ಘನತೆ ಎಂದನು. 1766ರಲ್ಲಿ ಲೆಸ್ಸಿಂಗ್, ಇದು ಆತ್ಮದ ಪ್ರಶ್ನೆಯಲ್ಲ, ಮಾಧ್ಯಮದ ಪ್ರಶ್ನೆ ಎಂದನು. ಕವಿತೆಯಲ್ಲಿ ಕೂಗು ಕೇಳಿ ಮುಗಿಯುತ್ತದೆ, ಕಲ್ಲಿನಲ್ಲಿ ಅಗಲವಾಗಿ ತೆರೆದ ಬಾಯಿ ಎಂದೆಂದಿಗೂ ಒಂದು ಕುರೂಪವಾದ ಕುಳಿಯಾಗಿ ಉಳಿದುಬಿಡುತ್ತದೆ, ಆದ್ದರಿಂದಲೇ ಶಿಲ್ಪಿ ಅದನ್ನು ನಿಟ್ಟುಸಿರಿಗೆ ಇಳಿಸಿದನು ಎಂಬುದು ಅವನ ವಾದ. ಭಾವ ಯಾವುದು, ಅದು ಯಾವ ಮಾಧ್ಯಮದಲ್ಲಿ ಎಷ್ಟರಮಟ್ಟಿಗೆ ವ್ಯಕ್ತವಾಗಬೇಕು ಎಂಬ ಚರ್ಚೆ ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಹೊರಗಿನದೆನಿಸದು. ಬ್ಲೇಕನ ಗೆಳೆಯ ಫ್ಯೂಸೆಲಿಯೇ 1765ರಲ್ಲಿ ವಿಂಕೆಲ್‌ಮನ್ನನ ಬರಹಗಳನ್ನು ಇಂಗ್ಲಿಷಿಗೆ ತಂದಿದ್ದನು ಎಂಬುದನ್ನು ನೆನೆದರೆ, ಆ ಎರಕದ ಕೋಣೆಯಲ್ಲಿ ಈ ವಾದಗಳೆಲ್ಲ ಗಾಳಿಯಲ್ಲೇ ಇದ್ದವು ಎನ್ನಬೇಕು.

ತಾಮ್ರಪಟ ಬರೆದದ್ದು:

ನಾನು ಮುದ್ರಣಚಿತ್ರದ ಕೆಲಸ ಮಾಡುವವಳು. ಈ ಪೆನ್ಸಿಲ್ ಚಿತ್ರವನ್ನು ಅದರ ಮುಂದಿನ ಜನ್ಮದೊಂದಿಗೆ ಸೇರಿಸಿ ನೋಡದಿದ್ದರೆ ರೇಖೆಯಹಾದಿಯವರ ಪ್ರಶ್ನೆ ಬಿಡಿಸಲಾಗದು ಎಂದು ನನಗನ್ನಿಸುತ್ತದೆ. ವಿಶ್ವಕೋಶದ ಫಲಕ ಮುಗಿದ ಮೇಲೂ ಬ್ಲೇಕ್ ಲಾವೊಕೂನನನ್ನು ಬಿಡಲಿಲ್ಲ. ಯಾರೂ ಕೇಳದೆ, ತನಗಾಗಿಯೇ, ಇನ್ನೊಂದು ತಾಮ್ರದ ಹಲಗೆಯ ಮೇಲೆ ಅದನ್ನು ದೊಡ್ಡದಾಗಿ ಕೆತ್ತಿದನು. ಮೈಯ ಉಬ್ಬುತಗ್ಗುಗಳನ್ನು ಹಳೆಯ ಶಾಲೆಯ ಕ್ರಮದಂತೆ, ಒಂದನ್ನೊಂದು ಹಾಯುವ ಬಾಗುಗೆರೆಗಳ ಬಲೆಯಿಂದ ತಂದಿದ್ದಾನೆ. ಇದು ಬಸೈರನ ಬಳಿ ಹುಡುಗನಾಗಿದ್ದಾಗ ಕಲಿತ ವಿದ್ಯೆ. ಆಮೇಲೆ, 1826–27ರ ವೇಳೆಗೆ, ಅಂದರೆ ಸಾಯುವುದಕ್ಕೆ ತುಸು ಮೊದಲು, ಚಿತ್ರದ ಸುತ್ತ ಉಳಿದಿದ್ದ ಖಾಲಿ ಜಾಗವನ್ನೆಲ್ಲ ಬರಹದಿಂದ ತುಂಬಿದನು. ಅದರ ಎರಡು ಪ್ರತಿಗಳಷ್ಟೇ ಈಗ ಉಳಿದಿವೆ.

ಆ ಬರಹವನ್ನು ಓದಬೇಕಾದರೆ ಹಾಳೆಯನ್ನು ತಿರುಗಿಸುತ್ತಾ ಹೋಗಬೇಕು. ಸಾಲುಗಳು ತೋಳಿನ ಮೇಲಿಂದ ಹಾಯುತ್ತವೆ, ಹಾವಿನ ಬೆನ್ನಿನ ಜೊತೆಗೆ ಬಾಗುತ್ತವೆ, ಅಂಚಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ಇಂಗ್ಲಿಷಿನ ಜೊತೆಗೆ ಹೀಬ್ರೂ ಮತ್ತು ಗ್ರೀಕ್ ಅಕ್ಷರಗಳಿವೆ. ಓಲೆಗರಿಯಲ್ಲಿ ಮೂಲವನ್ನು ನಡುವೆ ಇಟ್ಟು ಟೀಕೆಯನ್ನು ಅಂಚಿಗೆ ಬರೆದಿರುವುದನ್ನು ಕಂಡವರಿಗೆ ಇದರ ರೀತಿ ಬೇಗ ಹಿಡಿಯುತ್ತದೆ. ಹಲಗೆಯ ಮೇಲೆ ಇವಿಷ್ಟನ್ನೂ ತಲೆಕೆಳಗಾಗಿಯಲ್ಲ, ಕನ್ನಡಿಯಲ್ಲಿ ಕಾಣುವಂತೆ ಬಲದಿಂದ ಎಡಕ್ಕೆ ಕೆತ್ತಬೇಕು, ಆಗ ಮಾತ್ರ ಅಚ್ಚಿನಲ್ಲಿ ಸರಿಯಾಗಿ ಮೂಡುತ್ತದೆ. ಒಂದು ಸಾಲು ಕೆತ್ತುವಷ್ಟರಲ್ಲಿ ನನ್ನ ಕುತ್ತಿಗೆ ಸೋಲುತ್ತದೆ; ಅವನು 69ನೆಯ ವಯಸ್ಸಿನಲ್ಲಿ, ಕಾಯಿಲೆಯ ನಡುವೆ ಇದನ್ನು ಮಾಡಿದ್ದಾನೆ.

ಅಲ್ಲಿ ಬರೆದದ್ದು ಇದು: ನಡುವೆ ಇರುವವನು ಟ್ರಾಯ್‌ನ ಪುರೋಹಿತನಲ್ಲ, ದೇವರಾದ ಯಾಹ್, ಮಕ್ಕಳು ಸೈತಾನ ಮತ್ತು ಮೊದಲ ಮನುಷ್ಯನಾದ ಆಡಮ್. ಹೀಬ್ರೂ ಜನರ ದೊರೆ ಸೊಲೊಮನ್ನನ ದೇವಾಲಯದಲ್ಲಿದ್ದ ಚೆರೂಬಿಮ್ (ರೆಕ್ಕೆಯುಳ್ಳ ದೇವದೂತರು) ಪ್ರತಿಮೆಗಳನ್ನು ನೋಡಿ ಗ್ರೀಸಿನ ರೋಡ್ಸ್ ದ್ವೀಪದ ಮೂವರು ಇದನ್ನು ನಕಲು ಮಾಡಿ, ಟ್ರಾಯ್‌ನ ಕಥೆಗೆ ಹೊಂದಿಸಿಬಿಟ್ಟರು. ಒಂದು ಹಾವಿನ ಬಳಿ ‘ಒಳಿತು’ ಎಂದೂ ಇನ್ನೊಂದರ ಬಳಿ ‘ಕೆಡುಕು’ ಎಂದೂ ಬರೆದಿದ್ದಾನೆ. ಎರಡೂ ಕಚ್ಚುತ್ತವೆ ಎಂಬುದನ್ನು ಗಮನಿಸಿ. ಸಾಲುಮರ ಅವರಿಗಾಗಿ ಇನ್ನೊಂದು ಸಾಲನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ಎಲ್ಲಿ ಹಣದ ಮೇಲೆ ಕಣ್ಣಿದೆಯೋ ಅಲ್ಲಿ ಕಲೆ ನಡೆಯಲಾರದು, ಯುದ್ಧವೊಂದೇ ನಡೆದೀತು.

ಸಾಲುಮರ ಬರೆದದ್ದು:

ತಾಮ್ರಪಟ ಅವರೇ, ಎರಡನೆಯ ಹಲಗೆಯನ್ನು ಅವನು ಯಾರ ಹಣಕ್ಕೂ ಕೆತ್ತಲಿಲ್ಲ ಎಂಬುದು ನನ್ನ ಮೊದಲ ಮಾತನ್ನು ಬಹುಮಟ್ಟಿಗೆ ಸಡಿಲಿಸುತ್ತದೆ, ಒಪ್ಪಿದೆ. ಆದರೆ ಈಗ ನನಗೆ ಬೇರೊಂದು ಅಸಮಾಧಾನ ಹುಟ್ಟಿದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಈ ಶಿಲ್ಪವನ್ನು ರೋಡ್ಸಿನ ಹೆಗೆಸಾಂಡರ್, ಪಾಲಿಡೋರಸ್, ಅಥೆನೊಡೋರಸ್ ಎಂಬ ಮೂವರು ಮಾಡಿದರೆಂದು ಪ್ರಾಚೀನ ರೋಮನ್ ಲೇಖಕ ಪ್ಲಿನಿ ಹೆಸರು ಹಿಡಿದು ಬರೆದಿದ್ದಾನೆ. ಪ್ರಾಚೀನ ಲೋಕದಲ್ಲಿ ಹೀಗೆ ಮಾಡಿದವರ ಹೆಸರು ಉಳಿದುಬರುವುದೇ ಅಪರೂಪ. ಹೆಸರಿರುವ ಮೂವರು ಕುಶಲಿಗಳನ್ನು ಬರಿಯ ನಕಲುಗಾರರೆಂದು ಕರೆದು, ಎಂದೂ ಯಾರೂ ಕಾಣದ ಒಂದು ಹೀಬ್ರೂ ಮೂಲವನ್ನು ಕಲ್ಪಿಸುವುದು ಅನ್ಯಾಯವಲ್ಲವೇ? ಚರಿತ್ರೆಯ ದೃಷ್ಟಿಯಿಂದ ಅದಕ್ಕೆ ಯಾವ ಆಧಾರವೂ ಇಲ್ಲ.

ತಾಮ್ರಪಟ ಬರೆದದ್ದು:

ಚರಿತ್ರೆಯಾಗಿ ಅದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಲೇಕನಿಗೆ ಇದು ಆ ಹೊತ್ತಿಗೆ ಹೊಳೆದ ಮಾತಾಗಿರಲಿಲ್ಲ. 1809ರಲ್ಲಿ ತನ್ನ ಅಣ್ಣನ ಮನೆಯಲ್ಲಿ ನಡೆಸಿದ ಪ್ರದರ್ಶನಕ್ಕೆ ಬರೆದ ವಿವರಣಾಪಟ್ಟಿಯಲ್ಲೇ ಅವನು, ಏಷ್ಯಾದ ಪ್ರಾಚೀನ ರಾಜ್ಯಗಳಲ್ಲಿದ್ದ ಮಹಾಪ್ರತಿಮೆಗಳನ್ನು ತಾನು ದರ್ಶನದಲ್ಲಿ ಕಂಡೆನೆಂದೂ, ಗ್ರೀಕರ ಹೆಸರಾಂತ ಶಿಲ್ಪಗಳೆಲ್ಲ ಅವುಗಳ ಪ್ರತಿಗಳೆಂದೂ ಹೇಳಿದ್ದನು. ಯುರೋಪಿನ ಶಾಲೆಗಳಲ್ಲಿ ಎಲ್ಲಕ್ಕೂ ಗ್ರೀಸೇ ತಾಯಿಬೇರು ಎಂಬ ಮಾತು ಪ್ರಶ್ನೆಯಿಲ್ಲದೆ ನಡೆಯುತ್ತಿದ್ದ ಕಾಲದಲ್ಲಿ ಅವನು ಆ ಬೇರನ್ನು ಪೂರ್ವಕ್ಕೆ ಸರಿಸುತ್ತಿದ್ದಾನೆ.

ಅದೇ ಪ್ರದರ್ಶನದಲ್ಲಿ ‘ಬ್ರಾಹ್ಮಣರು’ ಎಂಬ ಹೆಸರಿನ ಒಂದು ಚಿತ್ರವೂ ಇತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1785ರಲ್ಲಿ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ಚಾರ್ಲ್ಸ್ ವಿಲ್ಕಿನ್ಸ್ ಆ ಕೆಲಸದಲ್ಲಿ ತೊಡಗಿರುವುದೇ ಅದರ ವಸ್ತು. ಆ ಚಿತ್ರ ಈಗ ಕಳೆದುಹೋಗಿದೆ; ಪಟ್ಟಿಯಲ್ಲಿರುವ ವಿವರಣೆ ಮಾತ್ರ ಉಳಿದಿದೆ. ಇದರಿಂದ ಬ್ಲೇಕನಿಗೆ ನಮ್ಮ ಶಾಸ್ತ್ರಗಳೆಲ್ಲ ಗೊತ್ತಿದ್ದವೆಂದು ನಾನು ಹೇಳುವುದಿಲ್ಲ, ಯಾರೂ ಹಾಗೆ ಹಿಗ್ಗಿಸಿ ಹೇಳಬಾರದು. ಅವನ ಗಮನ ಯಾವ ದಿಕ್ಕಿಗಿತ್ತು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಲಾವೊಕೂನ್ ಹಲಗೆಯಲ್ಲಿ ಗ್ರೀಕ್ ಅಕ್ಷರದಲ್ಲಿ ‘ಸರ್ಪಧಾರಿ’ ಎಂಬರ್ಥದ ಪದವನ್ನೂ ಕೆತ್ತಿದ್ದಾನೆ. ನಮ್ಮ ಕಿವಿಗೆ ಅದು ಬೇರೊಬ್ಬ ದೇವರ ನೆನಪು ತಂದರೂ, ಅವನು ಅಲ್ಲಿ ಹೇಳುತ್ತಿರುವುದು ನಕ್ಷತ್ರಮಂಡಲದ ಹೆಸರಾಗಿಯೂ ಬಳಕೆಯಲ್ಲಿದ್ದ ಗ್ರೀಕ್ ಪದವನ್ನು.

ರೇಖೆಯಹಾದಿ ಬರೆದದ್ದು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಈಗ ನಾನು ಪ್ರಶ್ನೆ ಕೇಳುವಾಗ ಗಮನಿಸದೇ ಹೋಗಿದ್ದ ಒಂದು ಸಂಗತಿಯ ಬಗ್ಗೆ ಬರೆಯಬೇಕಾಗಿದೆ. ಅದು ಲಾವೊಕೂನನ ಬಲದೋಳು.

ಈ ಶಿಲ್ಪ 1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದ ನೆಲದಡಿಯಲ್ಲಿ ಸಿಕ್ಕಿತು. ಸುದ್ದಿ ತಿಳಿದು ನೋಡಲು ಹೋದವರಲ್ಲಿ ಮೈಕೆಲೆಂಜೆಲೊ ಕೂಡ ಇದ್ದನು; ಪೋಪ್ ಎರಡನೆಯ ಜೂಲಿಯಸ್ ಅದನ್ನು ಕೊಂಡು ವ್ಯಾಟಿಕನ್ನಿಗೆ ಸೇರಿಸಿದನು. ಸಿಕ್ಕಾಗ ತಂದೆಗೆ ಬಲದೋಳು ಇರಲಿಲ್ಲ. 1530ರ ದಶಕದಲ್ಲಿ ಮೊಂಟೊರ್ಸೊಲಿ ಎಂಬ ಶಿಲ್ಪಿ ಆ ಜಾಗಕ್ಕೆ ಮೇಲಕ್ಕೆ ನೀಳವಾಗಿ ಚಾಚಿದ ತೋಳೊಂದನ್ನು ಮಾಡಿ ಕೂಡಿಸಿದನು. ಅಲ್ಲಿಂದ ಮುಂದೆ ಎರಕಗಳಲ್ಲಿ, ಮುದ್ರಿತ ಚಿತ್ರಗಳಲ್ಲಿ, ಪಾಠಗಳಲ್ಲಿ ಲಾವೊಕೂನ್ ಎಂದರೆ ತೋಳೆತ್ತಿ ಸೆಣಸುವವನೇ ಆದನು. 1906ರಲ್ಲಿ ಲುಡ್ವಿಗ್ ಪೊಲ್ಲಾಕ್ ಎಂಬ ಪುರಾತತ್ತ್ವಜ್ಞನಿಗೆ ರೋಮಿನ ಕಲ್ಲುಕುಟಿಗನೊಬ್ಬನ ಅಂಗಳದಲ್ಲಿ ಅಮೃತಶಿಲೆಯ ಒಂದು ತೋಳು ಕಣ್ಣಿಗೆ ಬಿದ್ದಿತು. ಅದು ಮೊಣಕೈಯಲ್ಲಿ ಮಡಚಿಕೊಂಡು ತಲೆಯ ಹಿಂದಕ್ಕೆ ಬಾಗಿತ್ತು. ಅರ್ಧ ಶತಮಾನದ ನಂತರ, 1957ರಿಂದ ನಡೆದ ಜೀರ್ಣೋದ್ಧಾರದಲ್ಲಿ ಅದನ್ನೇ ಮೂಲದ ತೋಳೆಂದು ಶಿಲ್ಪಕ್ಕೆ ಕೂಡಿಸಲಾಯಿತು.

ಬ್ಲೇಕ್ ಇಂಗ್ಲೆಂಡನ್ನು ಬಿಟ್ಟು ಎಂದೂ ಹೊರಗೆ ಹೋದವನಲ್ಲ. 1815ರಲ್ಲಿ ಮೂಲ ಶಿಲ್ಪ ರೋಮಿನಲ್ಲೂ ಇರಲಿಲ್ಲ. ನೆಪೋಲಿಯನ್ 1798ರಲ್ಲಿ ಅದನ್ನು ಪ್ಯಾರಿಸಿಗೆ ತರಿಸಿದ್ದನು, ಅದು ವ್ಯಾಟಿಕನ್ನಿಗೆ ಮರಳಿದ್ದು 1816ರಲ್ಲಿ. ಬ್ಲೇಕ್ ಕಂಡದ್ದು ಎರಕವನ್ನು, ಬರೆದದ್ದು ಗ್ರೀಕರು ಎಂದೂ ಕೆತ್ತದಿದ್ದ ತೋಳನ್ನು. ಮಡಚಿದ ತೋಳಿನ ಲಾವೊಕೂನನನ್ನು ನೋಡಿದರೆ ನೋವು ಒಳಕ್ಕೆ ಮುದುಡುತ್ತದೆ, ಹಾವಿನ ಸುರುಳಿಯಲ್ಲಿ ತೋಳೂ ಒಂದು ಸುರುಳಿಯಾಗುತ್ತದೆ. ಎತ್ತಿದ ತೋಳಿನವನು ಹಾಗಲ್ಲ. ಚಾಚಿದ ಮುಷ್ಟಿಯಿಂದ ಕೆಳಗಿನ ಪಾದದವರೆಗೆ ಒಂದೇ ಓರೆಗೆರೆ ಚಿತ್ರವನ್ನೆಲ್ಲ ಸೀಳಿಕೊಂಡು ಹೋಗುತ್ತದೆ, ಅವನು ಸೋಲುತ್ತಿದ್ದರೂ ಆಳುವವನಂತೆ ಕಾಣುತ್ತಾನೆ. ಅವನನ್ನು ಪುರೋಹಿತನೆನ್ನದೆ ದೇವರೆಂದು ಕರೆಯಲು ಬ್ಲೇಕನಿಗೆ ಸಾಧ್ಯವಾದದ್ದು ಈ ತೋಳಿನಿಂದಲೇ ಎಂದು ನಾನು ನಂಬುತ್ತೇನೆ. ಮೂಲ ಬೇರೆಲ್ಲೋ ಇದೆ, ತನ್ನ ಎದುರಿಗಿರುವುದು ಪ್ರತಿ ಎಂದು ಅವನು ಪಟ್ಟುಹಿಡಿದನಲ್ಲ, ಅವನೆಂದುಕೊಂಡ ರೀತಿಯಲ್ಲಿ ಅದು ನಿಜವಾಗಿರಲಿಲ್ಲ. ಆದರೆ ಎದುರಿಗಿದ್ದದ್ದು ಮೂಲವಲ್ಲ ಎಂಬುದಂತೂ ನಿಜವೇ ಆಗಿತ್ತು.

ಇದ್ದಿಲುಕಡ್ಡಿ ಬರೆದದ್ದು:

ಈ ತೋಳಿನ ಸಂಗತಿ ನನ್ನನ್ನು ಮತ್ತೆ ಹೊರಗೆರೆಯ ಕಡೆಗೆ ತಂದಿತು. ಗೆರೆ ಎಷ್ಟು ಸ್ಪಷ್ಟವೂ ಚೂಪೂ ತಂತಿಯಂತೆ ಬಿಗಿಯೂ ಆಗಿದೆಯೋ ಕೃತಿ ಅಷ್ಟು ಪರಿಪೂರ್ಣ ಎಂಬುದನ್ನು ಬ್ಲೇಕ್ 1809ರ ಆ ಪಟ್ಟಿಯಲ್ಲಿ ಕಲೆಗೂ ಬದುಕಿಗೂ ಚಿನ್ನದಂಥ ನಿಯಮವೆಂದು ಬರೆದಿದ್ದಾನೆ. ಎರಕದ ಮುಂದೆ ಕುಳಿತವನಿಗೆ ಸಿಗುವುದು ನೆರಳು. ಪ್ಲಾಸ್ಟರಿಗೆ ಗೆರೆ ಎಂಬುದೇ ಇಲ್ಲ. ಗೆರೆಯನ್ನು ಬರೆಯುವವನು ತನ್ನಿಂದ ತರಬೇಕು. ರೇಖೆಯಹಾದಿಯವರು ಕೇಳಿದ ‘ನಕಲೋ ಬೇರೇನೋ’ ಎಂಬುದಕ್ಕೆ ನಾನು ಕೊಡುವ ಉತ್ತರ ಇದೇ. ಆ ಚಿತ್ರದಲ್ಲಿರುವ ಮೈಕಟ್ಟು ರೋಡ್ಸಿನವರದು, ತೋಳು ಹದಿನಾರನೆಯ ಶತಮಾನದ ಇಟಲಿಯದು, ಮೂವರನ್ನೂ ಸುತ್ತಿ ಬಿಗಿದ ಗೆರೆ ಮಾತ್ರ ಬ್ಲೇಕನದು.

ಸಾಲುಮರ ಬರೆದದ್ದು:

ಇದ್ದಿಲುಕಡ್ಡಿಯವರೇ, ಇದನ್ನು ಓದಿದ ಮೇಲೆ ವೆಡ್ಜ್‌ವುಡ್ಡಿನ ಬೋಗುಣಿಗಳ ಫಲಕಗಳನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿಯೂ ಅಂಚಿನ ಗೆರೆ ಅಷ್ಟೇ ಬಿಗಿಯಾಗಿದೆ. ಅದರಲ್ಲಿ ದರ್ಶನವನ್ನು ಯಾರೂ ಹುಡುಕುವುದಿಲ್ಲ ಎಂದು ಬರೆದಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ರೇಖೆಯಹಾದಿ ಬರೆದದ್ದು:

ನಿನ್ನೆ ಸಂಜೆ ಎರಡು ಹಾಳೆ ತೆಗೆದುಕೊಂಡು ಒಂದರಲ್ಲಿ ಎತ್ತಿದ ತೋಳನ್ನೂ ಇನ್ನೊಂದರಲ್ಲಿ ಮಡಚಿದ ತೋಳನ್ನೂ ಬರೆಯಲು ಕುಳಿತೆ. ಮಡಚಿದ ತೋಳನ್ನು ಬರೆಯುವಾಗ ನೋಡುಗರ ಬಲಕ್ಕಿರುವ ಹಿರಿಯ ಮಗನ ಮುಖ ಹೆಚ್ಚು ಕಾಣತೊಡಗಿತು. ಅವನಿಗಿನ್ನೂ ಕಚ್ಚಿಲ್ಲ, ಕಾಲಿಗೆ ಸುತ್ತಿದ ಸುರುಳಿಯನ್ನು ಒಂದು ಕೈಯಿಂದ ಬಿಡಿಸಿಕೊಳ್ಳುತ್ತಲೇ ತಲೆಯೆತ್ತಿ ತಂದೆಯನ್ನು ನೋಡುತ್ತಿದ್ದಾನೆ. ಬ್ಲೇಕನ ಹಲಗೆಯಲ್ಲಿ ಅಷ್ಟೊಂದು ಅಕ್ಷರಗಳ ನಡುವೆ ಆ ನೋಟವನ್ನು ನಾನು ಈವರೆಗೆ ಸರಿಯಾಗಿ ಕಂಡಿರಲಿಲ್ಲ. ಹಾಳೆಗಳು ಒಣಗಿದ ಮೇಲೆ ಎರಡನ್ನೂ ಇಲ್ಲಿ ಹಾಕುತ್ತೇನೆ. ತೋಳಿನ ಅಳತೆ ತಪ್ಪಿದ್ದರೆ ಇದ್ದಿಲುಕಡ್ಡಿಯವರು ದಯವಿಟ್ಟು ತಿದ್ದಬೇಕು.